ಮುಂಡಾಸು ಗುಡ್ಡಕ್ಕೆ ಒಂದು ದಿನದ ದಾರಿ

ದೂರದ ಯಾವುದನ್ನೇ ತೋರಿಸಬೇಕಾದರೂ ಅವರು ಬೆರಳು ಚಾಚುತ್ತಿರಲಿಲ್ಲ. ತೋಳನ್ನು ಉದ್ದಕ್ಕೆ ನೀಡಿ, ಮುಷ್ಟಿ ಕಟ್ಟಿ, ಒಂದು ಕಣ್ಣು ಮುಚ್ಚುತ್ತಿದ್ದರು. "ಆ ನೀರಿನ ಟಾಕಿ ಕಾಣ್ತದಲ್ಲ, ಅದ್ರಿಂದ ಎರಡು ಮುಷ್ಟಿ ಬಲಕ್ಕೆ." ಕಾರವಾರದ ಹಬ್ಬುವಾಡದಲ್ಲಿ ನಮ್ಮ ಓಣಿಗೆ ಹೊಸದಾಗಿ ಬಂದ ಪೋಸ್ಟ್‌ಮನ್ ಮನೆ ಕೇಳಿದಾಗಲೂ ಅವರು ದಾರಿ ಹೇಳಿದ್ದು ಮುಷ್ಟಿಯ ಲೆಕ್ಕದಲ್ಲಿ. ಅವನು ಅರ್ಧ ಗಂಟೆ ಅಲೆದು ವಾಪಸು ಬಂದಾಗ, "ನಿನ್ನ ಕೈ ಗಿಡ್ಡ ಅದೆ, ಅದ್ಕೇ ತಪ್ಪಿತು" ಎಂದಿದ್ದರು.

ಎಲ್ಲರೂ ಅವರನ್ನು ತಾಂಡೇಲರು ಎಂದೇ ಕರೆಯುತ್ತಿದ್ದರು. ನಮ್ಮ ಕಡಲತೀರದಲ್ಲಿ ಮೀನಿನ ದೋಣಿ ನಡೆಸುವ ಯಜಮಾನನಿಗೆ ತಾಂಡೇಲ ಎನ್ನುತ್ತಾರೆ. ನಾನು ಕಾರವಾರಕ್ಕೆ ಬರುವಷ್ಟರಲ್ಲಿ ಅವರು ದೋಣಿ ಬಿಟ್ಟಾಗಿತ್ತು. ನಮ್ಮ ಹಿತ್ತಲಿಗೆ ಬೆನ್ನು ಕೊಟ್ಟ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ ಇದ್ದರು. ಹೋದ ತಿಂಗಳು ತಾಂಡೇಲರು ತೀರಿಕೊಂಡರು. ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ಯಾರಾದರೂ ಹುಡುಕಿಕೊಂಡು ಹೋಗಿ, ಅವರು ನಲವತ್ತು ವರ್ಷ ಮುಚ್ಚಿಟ್ಟದ್ದನ್ನು ಕೆದಕಿಯಾರು.

ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡುತ್ತೇನೆ. ನನ್ನ ನೆನಪನ್ನು ನಾನು ನಂಬುವುದಿಲ್ಲ. ಧಾರವಾಡದಲ್ಲಿ ಭೌತಶಾಸ್ತ್ರ ಓದಿ, ಇಲ್ಲಿ ಕಾಲೇಜಿನಲ್ಲಿ ಅದನ್ನೇ ಕಲಿಸುತ್ತಿರುವವನು ನಾನು. ಅಳತೆಯಿಲ್ಲದ ಮಾತು ಕೇಳಿದರೆ ಕಾಲು ಕುಣಿಯತೊಡಗುತ್ತದೆ. ಆದರೂ ನೋಡಿ, ಈ ಕಥೆಯಲ್ಲಿ ಬರುವ ನನ್ನ ಹಳೇ ಕಾರು ಬಿಳಿಯದು ಎಂದು ಈ ಬರಹದ ಮೊದಲ ಪ್ರತಿಯಲ್ಲಿ ಬರೆದಿದ್ದೆ. ನೋಂದಣಿ ಪುಸ್ತಕದ ನಕಲು ತೆಗೆದು ನೋಡಿದರೆ ಬೂದು ಬಣ್ಣ ಎಂದಿದೆ. ಐದು ವರ್ಷ ನಾನೇ ಓಡಿಸಿ ಮಾರಿದ ಕಾರು.

ತಾಂಡೇಲರು ಮುಚ್ಚಿಟ್ಟದ್ದು ಗುರ್ತುಗಳನ್ನು. ಸಮುದ್ರದಲ್ಲಿ ಮೀನು ಸಿಗುವ ಜಾಗಕ್ಕೆ ಕಲ್ಲು ನೆಟ್ಟಿರುವುದಿಲ್ಲ. ದಡದ ಕಡೆ ನೋಡಿ, ಯಾವ ಗುಡ್ಡದ ಪಕ್ಕ ಯಾವ ಗುಡ್ಡ ಎಷ್ಟು ಕಾಣುತ್ತದೆ ಎನ್ನುವುದರಿಂದ ದೋಣಿ ಎಲ್ಲಿದೆಯೆಂದು ತಿಳಿಯಬೇಕು. ಅದೇ ಗುರ್ತು. ಒಳ್ಳೆಯ ಗುರ್ತನ್ನು ತಾಂಡೇಲ ಯಾರಿಗೂ ಹೇಳುವುದಿಲ್ಲ, ತನ್ನ ದೋಣಿಯವರಿಗೂ ಸಹ. ಬಲೆ ಬಿಡುವ ಮುನ್ನ ತಾನು ದಡದ ಕಡೆ ನೋಡಿದರೆ ಉಳಿದವರೂ ಅತ್ತಲೇ ನೋಡುತ್ತಾರೆಂದು, ಅವರು ಗಾಳಿಗೆ ಅಡ್ಡ ತಿರುಗಿ ಬೀಡಿ ಹಚ್ಚುವ ನೆಪ ಮಾಡುತ್ತಿದ್ದರಂತೆ. ಬೊಗಸೆಯ ಸಂದಿಯಿಂದ ಗುಡ್ಡ ನೋಡಿಕೊಳ್ಳುತ್ತಿದ್ದರಂತೆ. ನನಗೆ ಪರಿಚಯವಾಗುವ ಹೊತ್ತಿಗೆ ಅವರು ಬೀಡಿ ಬಿಟ್ಟು ಹತ್ತು ವರ್ಷವಾಗಿತ್ತು. ಆದರೂ ತಾರಸಿಯ ಮೇಲೆ ನಿಂತು ದೂರ ನೋಡಬೇಕಾದರೆ ಎರಡು ಕೈ ಬಾಯಿಯ ಹತ್ತಿರ ಬೊಗಸೆಯಾಗುತ್ತಿದ್ದವು. ನಡುವೆ ಬೀಡಿಯೂ ಇಲ್ಲ, ಬೆಂಕಿಕಡ್ಡಿಯೂ ಇಲ್ಲ.

ನಾನು ಕಾರು ಕೊಂಡು ನಾಲ್ಕು ತಿಂಗಳಾಗಿದ್ದಿರಬೇಕು. ಮಳೆಗಾಲ ಮುಗಿದಿತ್ತು. ಒಂದು ಸಂಜೆ ಹಿತ್ತಲ ಗೋಡೆಯ ಮೇಲಿಂದ ಅವರ ತಲೆ ಕಾಣಿಸಿತು.

"ಮಾಸ್ತರ್ರೆ, ನಿಮ್ಮ ಗಾಡಿ ಘಟ್ಟ ಹತ್ತೂದಾ?"

"ಗಾಡಿ ಹತ್ತುತ್ತೆ. ನಾನು ಹತ್ತಿಸ್ತೀನೋ ಇಲ್ಲವೋ ಗೊತ್ತಿಲ್ಲ."

"ಒಂದು ದಿನದ ಕೆಲಸ ಅದೆ. ಬೆಳಿಗ್ಗೆ ಬಿಟ್ಟು, ಇವಳು ದೇವರಿಗೆ ದೀಪ ಹಚ್ಚೂದ್ರೊಳಗೆ ತಿರುಗಿ ಬರ್ಬೇಕು. ನಲವತ್ತು ವರ್ಷ ದಡದ ಮೇಲೆ ನಿಂತು ಕಾದಿದ್ದೆ, ಇನ್ನು ಒಂದು ರಾತ್ರಿನೂ ಕಾಯೂದಿಲ್ಲ ಅಂದಿದ್ದಾಳೆ."

"ಎಲ್ಲಿಗೆ ಹೋಗ್ಬೇಕು?"

"ಅದು ಅಲ್ಲಿ ಹೋದ್ಮೇಲೆ ಹೇಳ್ತೆ."

ಎಲ್ಲಿಗೆಂದು ಗೊತ್ತಿಲ್ಲದ ಪ್ರಯಾಣಕ್ಕೆ ಯೋಜನೆ ಹಾಕುವುದು ಹೇಗೆ ಎಂದು ನಾನು ಕೇಳಿದೆ. ಸಮುದ್ರಕ್ಕೆ ಹೋಗುವವರು ದಿನಾ ಹಾಗೇ ಹೋಗುತ್ತಾರೆ ಎಂದರು.

ಕಾರಣ ಮಾತ್ರ ಎರಡನೆಯ ದಿನ ಹೇಳಿದರು. ಇಪ್ಪತ್ತು ವರ್ಷದ ಹಿಂದೆ ಅವರ ದೋಣಿಯ ಇಂಜಿನ್ ನಡುಸಮುದ್ರದಲ್ಲಿ ನಿಂತುಹೋಯಿತು. ಮೇಲೆ ಗಾಳಿ. ಎರಡು ದಿನ ದಡ ಎತ್ತ ಎಂದೇ ತಿಳಿಯಲಿಲ್ಲ. ದೋಣಿಯಲ್ಲಿ ಏಳು ಜನ. ಮೂರನೆಯ ಬೆಳಿಗ್ಗೆ ಮೋಡ ಒಂದು ಕಡೆ ಹರಿಯಿತು. ಆ ಹರಕಿನಲ್ಲಿ ಅವರ ಗುರ್ತಿನ ಗುಡ್ಡ ಕಂಡಿತು. ಅದಕ್ಕೆ ಅವರು ಇಟ್ಟುಕೊಂಡ ಹೆಸರು ಮುಂಡಾಸು. ಸುತ್ತಿದ ಮುಂಡಾಸಿನ ಹಾಗೆ ಅಗಲವಾದ ತಲೆ, ಬಲಗಡೆ ಇಳಿಬಿಟ್ಟ ಬಾಲ. ತಾಡಪಾಲನ್ನೇ ಹಾಯಿ ಮಾಡಿ ಅದರತ್ತ ಮುಖ ಮಾಡಿದರು. ಸಂಜೆಗೆ ಬೇಲೇಕೇರಿಯ ಹತ್ತಿರ ದಡ ಸಿಕ್ಕಿತು.

"ಆವಾಗ ಹೇಳಿದ್ದೆ ಅದ್ಕೆ, ದಡ ಮುಟ್ಟಿಸು, ನಿನ್ನ ಬುಡಕ್ಕೇ ಬಂದು ಕಾಯಿ ಒಡೀತೆ ಅಂತ. ವರ್ಷಾ ವರ್ಷಾ ಇಲ್ಲೇ ದಂಡೆ ಮೇಲೆ ನಿಂತು ಒಡಿದೆ. ಆದ್ರೆ ಬುಡಕ್ಕೆ ಬರ್ತೆ ಅಂದವ ದಂಡೆ ಮೇಲೆ ಒಡಿದ್ರೆ ಎಂತಾ ಬಂತು?"

ಈಗ ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಡಾಕ್ಟರು ಶಸ್ತ್ರಚಿಕಿತ್ಸೆಗೆ ದಿನ ಕೊಟ್ಟಿದ್ದರು. ಸರಿಹೋಗುತ್ತದೆ ಎಂದು ನಾನು ಸಮಾಧಾನ ಹೇಳಿದೆ. "ಸರಿ ಹೋದ್ರೆ ಬರೇ ಖುಷಿ. ಹೋಗದಿದ್ರೆ? ಆಮೇಲೆ ಹೋದ್ರೆ ನಾ ಬಂದದ್ದು ಅದ್ಕೆ ಗೊತ್ತಾಗ್ತದೆ, ಅದು ಇದ್ದದ್ದು ನಂಗೆ ಗೊತ್ತಾಗೂದಿಲ್ಲ" ಎಂದರು.

ಬಸ್ಸಿನಲ್ಲಿ ಏಕೆ ಹೋಗಲಿಲ್ಲ? ಎಲ್ಲಿ ಇಳಿಯುತ್ತೀರೆಂದು ಕಂಡಕ್ಟರ್ ಕೇಳುತ್ತಾನೆ. ಬಾಡಿಗೆ ಕಾರು? ಡ್ರೈವರುಗಳೆಲ್ಲ ದೋಣಿಯವರ ಮನೆಯ ಮಕ್ಕಳೇ. ಹಾಗಾದರೆ ನನಗೆ ಏಕೆ ಹೇಳುತ್ತಿದ್ದಾರೆ? ತಾಂಡೇಲರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು.

"ಕೂರ್ಮಗಡಕ್ಕೆ ಹೋಗೂಕೆ ದೋಣಿ ಹತ್ತಿದ್ರಲ್ಲ ನೀವು, ದಡ ಬಿಡೂದ್ರೊಳಗೆ ವಾಂತಿ ಮಾಡ್ಕಂಡ್ರಂತೆ. ನಿಮ್ಗೆ ಗುರ್ತು ಗೊತ್ತಾದ್ರೆ ಯಾವ ಮೀನಿಗೂ ಅಪಾಯ ಇಲ್ಲ."

ಹೀಗೆ ನನ್ನ ನಿಷ್ಪ್ರಯೋಜಕತನವೇ ಅರ್ಹತೆಯಾಗಿ ಈ ಕೆಲಸ ನನಗೆ ಸಿಕ್ಕಿತು. ಮೂರು ವಾರ ಸಂಜೆಗಳಲ್ಲಿ ಅವರ ಜಗಲಿಯ ಮೇಲೆ ಕೂತು ಯೋಜನೆ ಹಾಕಿದೆವು. ನಾನು ಹಾಳೆಯ ಮೇಲೆ ಗಂಟೆ ನಿಮಿಷ ಬರೆಯುತ್ತಿದ್ದೆ. ಆರಕ್ಕೆ ಹಬ್ಬುವಾಡ, ಆರೂ ಇಪ್ಪತ್ತಕ್ಕೆ ಕಿನ್ನರ, ಏಳೂವರೆಗೆ ಮಲ್ಲಾಪುರದಲ್ಲಿ ಚಹಾ. ಅದರ ಆಚೆಗೆ ಪೆನ್ನು ನಿಲ್ಲುತ್ತಿತ್ತು.

"ಮುಂದೆ?"

"ಘಟ್ಟ ಹತ್ತೂದು."

"ಹತ್ತಿ?"

"ಹತ್ತಿದ್ಮೇಲೆ ನೋಡ್ವಾ."

ಅವರ ಹೆಂಡತಿ ಒಳಗಿಂದ ಚಹಾ ತಂದಿಟ್ಟು, "ಇಬ್ರೂ ಕೂಡಿ ದಿನಾ ಘಟ್ಟ ಹತ್ತೂದೇ ಆಯ್ತು, ಇಳಿಯೂದು ಯಾವಾಗ?" ಎನ್ನುತ್ತಿದ್ದರು.

ಒಂದು ಸಂಜೆ ನನ್ನ ಕಾಟ ತಡೆಯಲಾರದೆ ತಾಂಡೇಲರು ಹಳೇ ಕ್ಯಾಲೆಂಡರಿನ ಹಿಂದೆ ಮುಂಡಾಸಿನ ಆಕಾರ ಬಿಡಿಸಿದರು. ಗೆರೆ ನಡುಗಿರಲಿಲ್ಲ. ಬಿಡಿಸುತ್ತ ಒಂದು ಮಾತು ಬಾಯಿ ತಪ್ಪಿ ಬಂತು, ಅಥವಾ ಹಾಗೆಂದು ನಾನು ತಿಳಿದೆ. "ಉತ್ತರಕ್ಕೆ ಹೋದ್ರೆ ಬಾಲ ತಲೆ ಒಳಗೆ ಸೇರ್ತದೆ. ದಕ್ಷಿಣಕ್ಕೆ ಬಂದ್ರೆ ಹೊರಗೆ ಬರ್ತದೆ."

ನಾನು ಆ ರಾತ್ರಿ ಸರಿಯಾಗಿ ನಿದ್ದೆ ಮಾಡಲಿಲ್ಲ. ಒಂದೇ ಗುಡ್ಡದ ಬಾಲ ಹಾಗೆ ಒಳಗೆ ಹೊರಗೆ ಸರಿಯುವುದಿಲ್ಲ. ಎದುರು ಒಂದು, ಹಿಂದೆ ದೂರದಲ್ಲಿ ಇನ್ನೊಂದು ಇದ್ದರೆ ಮಾತ್ರ ನೋಡುವವನು ಸರಿದಂತೆ ಒಂದು ಇನ್ನೊಂದರ ಹಿಂದೆ ಅಡಗುತ್ತದೆ. ಮರುದಿನ ಕಾಲೇಜಿನ ಭೂಗೋಳ ವಿಭಾಗಕ್ಕೆ ಹೋಗಿ, ಗುಡ್ಡಗಳ ಎತ್ತರವನ್ನು ಗೆರೆಗಳಲ್ಲಿ ತೋರಿಸುವ ಹಳೇ ನಕಾಶೆಯ ಮುಂದೆ ನಿಂತೆ. ಬೇಲೇಕೇರಿಯ ಎದುರಿನ ಸಮುದ್ರದಿಂದ ಪೂರ್ವಕ್ಕೆ ಅಳತೆಪಟ್ಟಿ ಇಟ್ಟೆ. ತಲೆ ಸಿಕ್ಕಿದ್ದು ಕೈಗಾ ದಾಟಿ ಘಟ್ಟ ಹತ್ತಿದ ಮೇಲೆ, ರಸ್ತೆಗೆ ಹತ್ತಿರ. ಬಾಲ ಸಿಕ್ಕಿದ್ದು ಅಲ್ಲಿಂದ ಹತ್ತಾರು ಕಿಲೋಮೀಟರು ಆಚೆ, ಅರಬೈಲು ಘಟ್ಟದ ಬದಿಯಲ್ಲಿ. ನಡುವೆ ಕಣಿವೆಗಳು. ತಾಂಡೇಲರ ಮುಂಡಾಸು ಎಂಬ ಗುಡ್ಡ ನೆಲದ ಮೇಲೆ ಇರಲೇ ಇಲ್ಲ.

ಇದನ್ನು ಹೇಳಬೇಕಿತ್ತು. ಹೇಳಲಿಲ್ಲ. ಹರಕೆಯಲ್ಲಿ ನನಗೆ ನಂಬಿಕೆಯಿಲ್ಲ. ಆದರೆ ಆ ಮೂರು ವಾರದಲ್ಲಿ ಅವರು ಗಡ್ಡ ಬೋಳಿಸಿಕೊಂಡು, ಇಸ್ತ್ರಿ ಅಂಗಿ ಹಾಕಿಕೊಂಡು ಜಗಲಿಗೆ ಬರತೊಡಗಿದ್ದರು. ನೀವು ಹೋಗಬೇಕೆಂದಿರುವ ಗುಡ್ಡವೇ ಇಲ್ಲ ಎಂದು ಯಾವ ಬಾಯಿಯಲ್ಲಿ ಹೇಳಲಿ? ಬದಲಿಗೆ ಹಾಳೆಯಲ್ಲಿ ಒಂದು ಸಣ್ಣ ಬದಲಾವಣೆ ಮಾಡಿದೆ. ಹೋದ ದಾರಿಯಲ್ಲೇ ವಾಪಸು ಬರುವ ಬದಲು ಯಲ್ಲಾಪುರ ತಲುಪಿ, ಅರಬೈಲು ಘಟ್ಟ ಇಳಿದು, ಅಂಕೋಲೆಯ ಮೇಲೆ ಬರುವುದು. ಇನ್ನೂರು ಕಿಲೋಮೀಟರು ಆಗುತ್ತಿತ್ತು.

"ಅದೇ ದಾರಿ ಎರಡು ಸಲ ನೋಡೋಕೆ ಬೇಜಾರು ನಂಗೆ" ಎಂದೆ.

"ನಂಗೂ ಬೇಜಾರೇ" ಎಂದು ತಾಂಡೇಲರು ತಟ್ಟನೆ ಒಪ್ಪಿಕೊಂಡರು. ಸಮುದ್ರದಲ್ಲಿ ನಲವತ್ತು ವರ್ಷ ಅದೇ ದಾರಿಯಲ್ಲಿ ಹೋಗಿ ಬಂದವರು ಅಷ್ಟು ಸುಲಭವಾಗಿ ಏಕೆ ಒಪ್ಪಿದರೆಂದು ನಾನು ಯೋಚಿಸಲಿಲ್ಲ.

ಹೊರಟ ದಿನ ಮಂಜಿತ್ತು. ಇರಲಿಲ್ಲವೋ ಏನೋ, ನನ್ನ ಕನ್ನಡಕವೇ ಮಸುಕಾಗಿದ್ದಿರಬಹುದು. ತಾಂಡೇಲರು ಒಂದು ಚೀಲ ಕಾಲ ನಡುವೆ ಇಟ್ಟುಕೊಂಡು ಕೂತರು. ಕಿನ್ನರದ ತನಕ ಬಾಗಿಲಿನ ಹಿಡಿ ಬಿಡಲಿಲ್ಲ. ಕದ್ರಾ ದಾಟುವಾಗ ಬಿಟ್ಟರು. ಮಲ್ಲಾಪುರದಲ್ಲಿ ಕೈಗಾ ಸ್ಥಾವರದ ಕ್ವಾರ್ಟರ್ಸಿನ ಮಕ್ಕಳು ಶಾಲೆಯ ಬಸ್ಸಿಗೆ ನಿಂತಿದ್ದವು. ಅಲ್ಲಿ ಚಹಾ ಕುಡಿದು, "ನಿಮ್ಮ ಹಾಳೆ ಪ್ರಕಾರ ಹದಿನೈದು ನಿಮಿಷ ತಡ ಅದೆ" ಎಂದರು. ಘಟ್ಟದಲ್ಲಿ ಎರಡು ಸಲ ಇಂಜಿನ್ ಆಫ್ ಮಾಡಿಕೊಂಡೆ. ಎರಡೂ ಸಲ ಅವರು ಕೆಳಗಿಳಿದು ಚಕ್ರಕ್ಕೆ ಕಲ್ಲು ಕೊಟ್ಟು, ಏನೂ ಆಗದವರಂತೆ ಮತ್ತೆ ಹತ್ತಿ ಕೂತರು.

ಮೇಲೆ ಬಂದು ನಾಲ್ಕು ಮನೆಗಳ ಒಂದು ಕೇರಿಯ ಹತ್ತಿರ ನಿಲ್ಲಿಸಿದೆವು. ಸುತ್ತ ಗುಡ್ಡಗಳು. ತಾಂಡೇಲರು ಇಳಿದರು. ಕೈ ಬೊಗಸೆಯಾಯಿತು. ಒಂದೊಂದನ್ನೇ ನೋಡುತ್ತ ಪೂರ್ತಿ ಒಂದು ಸುತ್ತು ತಿರುಗಿದರು.

"ಯಾವುದಕ್ಕೂ ಮುಖ ಇಲ್ಲ ಮಾರಾಯ್ರೆ" ಎಂದರು. ದನಿ ಸಣ್ಣದಾಗಿತ್ತು. ಬುಡದಲ್ಲಿ ನಿಂತರೆ ಎಲ್ಲ ಗುಡ್ಡವೂ ಒಂದೇ, ಬರೀ ಮರ ಮತ್ತು ಏರು. ಸಮುದ್ರದಿಂದ ನೋಡಿದ ಆಕಾರ ಇಲ್ಲಿ ಯಾವುದಕ್ಕೂ ಇರಲಿಲ್ಲ.

ಹುಲ್ಲಿನ ಹೊರೆ ಹೊತ್ತ ಹೆಂಗಸೊಬ್ಬಳು ನಿಂತು ನಮ್ಮನ್ನೇ ನೋಡುತ್ತಿದ್ದಳು.

"ಎಂತಾ ಹುಡ್ಕತ್ರಿ?"

"ಗುಡ್ಡ" ಎಂದೆ ನಾನು.

ಅವಳು ಹೊರೆ ಸಮೇತ ನಕ್ಕಳು. "ಗುಡ್ಡ ಹುಡ್ಕೂಕೆ ಕಾರ್ ತಕಂಡು ಬಂದ್ರಾ? ಇಲ್ಲಿರೂದೆಲ್ಲ ಅದೇಯ. ಬೇಕಾದಷ್ಟು ತಕಂಡು ಹೋಗಿ."

ನಾನು ಜೇಬಿನಿಂದ ನಕಾಶೆಯ ನಕಲು ತೆಗೆಯುವಷ್ಟರಲ್ಲಿ ತಾಂಡೇಲರು ಒಂದು ಪ್ರಶ್ನೆ ಕೇಳಿದರು. ನನ್ನ ಪದವಿಗಳಿಗೆ ಹೊಳೆಯದ ಪ್ರಶ್ನೆ.

"ತಂಗಿ, ಯಾವುದ್ರ ಮೇಲೆ ನಿಂತ್ರೆ ಸಮುದ್ರ ಕಾಣ್ತದೆ?"

ಅವಳು ಹೊರೆ ಇಳಿಸಿದಳು. ಎಡಗಡೆಯ ಅಗಲವಾದ ಗುಡ್ಡದತ್ತ ಗದ್ದ ಎತ್ತಿದಳು. "ಅದ್ರ ಮೇಲೆ. ಸೊಪ್ಪು ಕೊಯ್ಯೂಕೆ ಹೋಗ್ತೇವು ನಾವು. ಮಳೆ ಬಿಟ್ಮೇಲೆ ಬೆಳಿಗ್ಗೆ ಒಂದು ಬಿಳೀ ಗೆರೆ ಕಾಣ್ತದೆ. ಅದೇ ಸಮುದ್ರ ಅಂತಿದ್ರು ನಮ್ಮತ್ತೆ. ಖರೇನಾ?"

"ಖರೆ" ಎಂದರು ತಾಂಡೇಲರು. "ಆ ಗೆರೇಲಿ ನಾನಿದ್ದೆ."

ಸೊಪ್ಪಿಗೆ ಹೋಗುವವರು ಗುಡ್ಡ ಹತ್ತುವ ಮುನ್ನ ಕಾಯಿ ಒಡೆಯುವ ಕಲ್ಲೊಂದು ಬುಡದಲ್ಲಿತ್ತು. ಅವಳೇ ಕರೆದುಕೊಂಡು ಹೋಗಿ ತೋರಿಸಿದಳು. ತಾಂಡೇಲರು ಚೀಲದಿಂದ ಒಂದು ಬಾಟಲಿ ತೆಗೆದು ಆ ಕಲ್ಲಿಗೆ ಸಮುದ್ರದ ನೀರು ಹಾಕಿದರು. ಕಾಯಿ ಒಂದೇ ಏಟಿಗೆ ಒಡೆಯಿತು. ಒಂದು ಹೋಳು ಕಲ್ಲಿನ ಮೇಲಿಟ್ಟು ಇನ್ನೊಂದನ್ನು ಅವಳ ಕೈಗೆ ಕೊಟ್ಟರು. ಅವಳು ಬಾಟಲಿಯ ತಳದಲ್ಲಿ ಉಳಿದ ಹನಿಯನ್ನು ಬೆರಳಿಗೆ ಹಚ್ಚಿ ನಾಲಿಗೆಗೆ ಮುಟ್ಟಿಸಿ, "ಅಯ್ಯ, ಉಪ್ಪೇ ಹೌದು!" ಎಂದಳು.

ಇಲ್ಲಿಂದ ಮುಂದಿನದನ್ನು ಸ್ಟಾಫ್ ರೂಮಿನಲ್ಲಿ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಹೇಳುತ್ತಿದ್ದದ್ದು ಹೀಗೆ. ಕಾರಿನ ಹತ್ತಿರ ಬಂದ ಮೇಲೆ ನನಗೆ ಸುಮ್ಮನಿರಲಾಗಲಿಲ್ಲ. ಕಾರಿನ ಮೂತಿಯ ಮೇಲೆ ಹತ್ತಿರದಲ್ಲಿ ಬುತ್ತಿಯ ಡಬ್ಬಿ, ದೂರದಲ್ಲಿ ನೀರಿನ ಬಾಟಲಿ ಇಟ್ಟು, ಒಂದು ಕಣ್ಣು ಮುಚ್ಚಿ ಎಡಕ್ಕೂ ಬಲಕ್ಕೂ ಸರಿಯಲು ಹೇಳಿದೆ. ಬಾಟಲಿ ಡಬ್ಬಿಯ ಹಿಂದೆ ಅಡಗುವುದನ್ನು ತೋರಿಸಿದೆ. ನಿಮ್ಮ ಗುಡ್ಡ ಒಂದಲ್ಲ, ಎರಡು ಎಂದೆ. ತಾಂಡೇಲರು ಬಗ್ಗಿ ನೋಡಿದರು, ಸರಿದು ನೋಡಿದರು, ಮತ್ತೊಮ್ಮೆ ಸರಿದು ನೋಡಿದರು.

"ಹೌದಾ! ಎರಡಾ!" ಎಂದರು. "ಎಷ್ಟು ಚಂದ ಹೇಳ್ತ್ರಿ ಮಾಸ್ತರ್ರೆ."

ಡಬ್ಬಿಯನ್ನೂ ಬಾಟಲಿಯನ್ನೂ ಕಾರಿನೊಳಗೆ ಇಟ್ಟು, "ಹಾಗಾರೆ ನಮ್ಮ ಏಳು ಜನರನ್ನ ಇಬ್ರು ಕೂಡಿ ತಂದದ್ದು. ಒಬ್ಬಂಗೆ ಕೊಟ್ಟು ಇನ್ನೊಬ್ಬಂಗೆ ಇಲ್ಲ ಅಂದ್ರೆ ಸರಿಯಾಗೂದಿಲ್ಲ. ಹೊತ್ತೆಷ್ಟು?" ಎಂದರು.

ಹನ್ನೊಂದೂವರೆ. ನನ್ನ ಕಥೆಯ ಪ್ರಕಾರ ನಾವು ಯಲ್ಲಾಪುರದಲ್ಲಿ ಊಟ ಮಾಡಿ, ಅಂಗಡಿಯಲ್ಲಿ ಇನ್ನೊಂದು ಕಾಯಿ ಕೊಂಡೆವು. ಓದಿದವನು ಕಣ್ಣು ತೆರೆಸಿದ, ಓದದವರು ದೊಡ್ಡ ಮನಸ್ಸಿನಿಂದ ಒಪ್ಪಿದರು. ಕೇಳಿದವರೆಲ್ಲ ಮೆಚ್ಚುತ್ತಿದ್ದರು.

ಅರಬೈಲು ಘಟ್ಟ ಮಾತ್ರ ನನ್ನ ನೆನಪಿನಲ್ಲಿ ಯಾವ ಅನುಮಾನಕ್ಕೂ ಎಡೆಯಿಲ್ಲದಂತೆ ಉಳಿದಿದೆ. ಅದು ಅದಿರಿನ ಲಾರಿಗಳ ಕಾಲ. ಬೇಲೇಕೇರಿಯ ಬಂದರಿಗೆ ಸಾಲುಗಟ್ಟಿ ಇಳಿಯುವ ಲಾರಿಗಳು, ಖಾಲಿಯಾಗಿ ಹತ್ತುವ ಲಾರಿಗಳು, ಎಲೆಗಳ ಮೇಲೂ ಕೆಂಪು ಧೂಳು. ಮೊದಲ ತಿರುವಿನಲ್ಲೇ ನನ್ನ ಕೈ ಬೆವೆತು ಸ್ಟಿಯರಿಂಗ್ ಜಾರತೊಡಗಿತು. ಬದಿಗೆ ನಿಲ್ಲಿಸಿ, ನನ್ನಿಂದ ಆಗುವುದಿಲ್ಲ ಎಂದೆ.

ತಾಂಡೇಲರು ಕಿಟಕಿಯ ಗಾಜು ಪೂರ್ತಿ ಇಳಿಸಿದರು. "ಅಲೆ ಬಂದ್ರೆ ಅದ್ರ ಸಂಗಡ ಜಗಳ ಮಾಡ್ತ್ರಾ? ಬದಿಗೆ ನಿಲ್ಲೂದು. ಅದು ಹೋಗ್ತದೆ. ಎರಡರ ನಡುವೆ ಜಾಗ ಇರ್ತದೆ, ಅಲ್ಲಿ ನಾವು ಹೋಗೂದು. ನಾ ಹೇಳ್ತೆ, ನೀವು ಬಿಡಿ."

ಅವರು ತಲೆ ಹೊರಗೆ ಹಾಕಿ ಹೇಳುತ್ತ ಹೋದರು. "ನಿಲ್ಲಿ. ಬರ್ಲಿ ಅದು. ಈಗ ಬಿಡಿ. ಎಡಕ್ಕೆ ಅರ್ಧ ಮುಷ್ಟಿ. ಸಾಕು." ಪೊರೆ ಬಂದ ಕಣ್ಣಿಗೆ ಲಾರಿಗಳು ಬರೀ ಬಣ್ಣದ ಮುದ್ದೆಗಳಾಗಿ ಕಂಡಿರಬೇಕು. ಆದರೆ ಮುದ್ದೆ ಯಾವಾಗ ಹತ್ತಿರವಾಗುತ್ತದೆ, ಯಾವಾಗ ದೂರ ಸರಿಯುತ್ತದೆ ಎನ್ನುವುದು ಅವರಿಗೆ ತಪ್ಪಲಿಲ್ಲ. ಘಟ್ಟದ ನಡುವಿನ ಚಹಾದಂಗಡಿಯವನಿಗೂ ಅದೇ ಪ್ರಶ್ನೆ ಕೇಳಿದರು, ಯಾವುದರ ಮೇಲಿಂದ ಸಮುದ್ರ ಕಾಣುತ್ತದೆ ಎಂದು. ಅವನು ಮೊನಚು ತಲೆಯ ಗುಡ್ಡವೊಂದನ್ನು ತೋರಿಸಿದ. ಧೂಳು ಹಿಡಿದ ಅದರ ಬುಡದಲ್ಲಿ, ಲಾರಿಗಳ ಸದ್ದಿನ ನಡುವೆ ಎರಡನೆಯ ಕಾಯಿ ಒಡೆದರು. ಒಡೆದ ಸದ್ದು ನನಗೆ ಕೇಳಿಸಲಿಲ್ಲ. "ಅದ್ಕೆ ಕೇಳಿತು ಬಿಡಿ" ಎಂದರು.

ಅಂಕೋಲೆ ತಲುಪಿದಾಗ ಬಿಸಿಲು ಹಳದಿಯಾಗಿತ್ತು. ಹಬ್ಬುವಾಡ ಮುಟ್ಟಿದಾಗ ಅವರ ಹೆಂಡತಿ ಬೆಂಕಿಪೆಟ್ಟಿಗೆ ಕೈಯಲ್ಲಿ ಹಿಡಿದು ಗೇಟಿನ ಹತ್ತಿರ ನಿಂತಿದ್ದರು. ದೀಪ ಹಚ್ಚಿರಲಿಲ್ಲ. "ಇನ್ನೂ ಐದು ನಿಮಿಷ ನೋಡ್ತಿದ್ದೆ" ಎಂದಷ್ಟೇ ಹೇಳಿ ಒಳಗೆ ಹೋದರು.

ಕಣ್ಣು ಸರಿಹೋಯಿತು. ಆಮೇಲೆ ಐದು ವರ್ಷ ತಾಂಡೇಲರು ತಾರಸಿಯಿಂದ ಇಡೀ ಓಣಿಯ ಮೇಲೆ ನಿಗಾ ಇಟ್ಟರು. ನನ್ನ ಅಂಗಿಗೆ ಗುಂಡಿ ಇಲ್ಲದಿರುವುದು ಅಲ್ಲಿಂದಲೇ ಅವರಿಗೆ ಕಾಣುತ್ತಿತ್ತು.

ಅವರು ಹೋದ ಮೇಲೆ ಒಂದು ಸಂಜೆ ಮಾತನಾಡಿಸಲು ಹೋದವನು ಅವರ ಹೆಂಡತಿಗೂ ಅದೇ ಕಥೆ ಹೇಳಿದೆ. ಯಲ್ಲಾಪುರದ ಅಂಗಡಿ ಬಂದಾಗ ಅವರು ತಡೆದರು.

"ಅಂಗಡಿ ಕಾಯಿ ಎಲ್ಲಿತ್ತು? ನಮ್ಮ ಹಿತ್ತಲ ಮರದ್ದು. ಎರಡೂ ನಾನೇ ಸುಲಿದು ಚೀಲಕ್ಕೆ ಹಾಕಿ ಕೊಟ್ಟದ್ದು."

ನಾನು ವಾದಿಸಿದೆ. ಅಂಗಡಿಯವನ ಮುಖವೇ ನೆನಪಿದೆ ಎಂದೆ. ಮನೆಗೆ ಬಂದು, ಕಾರು ಮಾರುವಾಗ ಅದರ ಮುಂದಿನ ಖಾನೆಯಿಂದ ತೆಗೆದಿಟ್ಟಿದ್ದ ಹಳೇ ಕಾಗದಗಳನ್ನೆಲ್ಲ ಕೆಳಗೆ ಸುರಿದೆ. ನನ್ನ ಗಂಟೆ ನಿಮಿಷದ ಹಾಳೆ ಸಿಕ್ಕಿತು. ಅದನ್ನು ಎಂದೂ ತಿರುಗಿಸಿ ನೋಡಿರಲಿಲ್ಲ. ಹಿಂಬದಿಯಲ್ಲಿ, ಮೂರನೇ ಇಯತ್ತೆಗೆ ಶಾಲೆ ಬಿಟ್ಟವರ ದಪ್ಪ ಅಕ್ಷರದಲ್ಲಿ, ಒಂದು ಪಟ್ಟಿ ಇತ್ತು. ಹೊರಡುವ ಹಿಂದಿನ ರಾತ್ರಿ ಹಾಳೆ ಅವರ ಜಗಲಿಯ ಮೇಲೇ ಉಳಿದಿತ್ತು, ಆಗ ಬರೆದದ್ದು. ಸಮುದ್ರದ ನೀರು, ಬಾಟಲಿ ೧. ಬುತ್ತಿ. ಕತ್ತಿ. ಕಾಯಿ ೨.

ಹಾಳೆ ತೆಗೆದುಕೊಂಡು ಮತ್ತೆ ಹೋದೆ.

"ಹಾಗಾದ್ರೆ ಎರಡು ಅಂತ ಅವರಿಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿಲ್ದೆ ದೋಣಿ ನಡೆಸ್ತಿದ್ರಾ ಮಾಸ್ತರ್ರೆ? ಎರಡಿದ್ರೇ ಅಲ್ದಾ ಗುರ್ತು ಆಗೂದು. ಎರಡು ಕಡೆ ಹೋಗ್ಬೇಕು ಅಂದ್ರೆ ನೀವು ಹೆದರಿ ಬರೂದೇ ಇಲ್ಲ ಅಂತ ಹೇಳ್ಲಿಲ್ಲ. ಅರಬೈಲಿನ ಮೇಲೆ ಬರೂದು ಅಂತ ನೀವೇ ಹೇಳಿದ ದಿನ, ದೇವರೇ ಮಾಸ್ತರ ಬಾಯಲ್ಲಿ ಬಂದ ಅಂದಿದ್ರು."

"ಮತ್ತೆ ಅಲ್ಲಿ, ಹೌದಾ ಎರಡಾ ಅಂತ ಯಾಕೆ ಆಶ್ಚರ್ಯಪಟ್ರು?"

ಅವರು ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕರು. ತಿಂಗಳಾದ ಮೇಲೆ ಆ ಮನೆಯಲ್ಲಿ ಕೇಳಿದ ಮೊದಲ ನಗು ಅದು. "ನಾನೂ ಕೇಳ್ದೆ. ಮಾಸ್ತರು ಡಬ್ಬಿ ಬಾಟ್ಲಿ ಎಲ್ಲ ಇಟ್ಕಂಡು ಅಷ್ಟು ಆಸೇಲಿ ಹೇಳ್ತಿದ್ರು, ಗೊತ್ತದೆ ಅನ್ನೂಕೆ ಮನಸ್ಸು ಬರ್ಲಿಲ್ಲ ಅಂದ್ರು."

ತಾಂಡೇಲರಿಗೆ ನೋವಾಗಬಾರದೆಂದು ನಾನು ಮುಚ್ಚಿಟ್ಟದ್ದನ್ನೇ, ನಾನು ಹೆದರಬಾರದೆಂದು ಅವರೂ ಮುಚ್ಚಿಟ್ಟಿದ್ದರು. ಮೂರು ವಾರ ಒಂದೇ ಜಗಲಿಯ ಮೇಲೆ ಕೂತು.

ಈ ಮಳೆಗಾಲ ಮುಗಿಯಲಿ, ಮತ್ತೊಮ್ಮೆ ಆ ದಾರಿ ಹಿಡಿಯೋಣವೇ ಎಂದು ಅವರ ಹೆಂಡತಿಯನ್ನು ಕೇಳಿದೆ. ದಡದ ಮೇಲೆ ನಿಂತು ನಲವತ್ತು ವರ್ಷ ಕಾದವರು ಆ ಗುಡ್ಡಗಳನ್ನು ಒಮ್ಮೆಯೂ ಹತ್ತಿರದಿಂದ ನೋಡಿರಲಿಲ್ಲ. ಅವರು ಹಾಳೆಯನ್ನು ಕಣ್ಣಿಗೆ ಹತ್ತಿರ ಹಿಡಿದು, ಗಂಡನ ಅಕ್ಷರವನ್ನು ಬೆರಳಿನಿಂದ ಒಂದೊಂದಾಗಿ ಮುಟ್ಟುತ್ತ ಕೊನೆಯ ಸಾಲಿಗೆ ಬಂದರು.

"ಬರ್ತೆ. ಇಲ್ಲಿ ಮೂರು ಅಂತ ಬರೀರಿ."

"ಮೂರನೇದು ಯಾರಿಗೆ?"

"ಅದು ಅಲ್ಲಿ ಹೋದ್ಮೇಲೆ ಹೇಳ್ತೆ" ಎಂದರು.

ನಾನು ಪೆನ್ನು ತೆಗೆದು ಬರೆದೆ.